ನೋವು ಕಮ್ಮಿಯಾಗಿದೆ, ಮಲಗಲಿ ಬಿಡಿ ಅಂದಿದ್ದೆ

ಆರನೇ ಬೆಡ್‌ನವರಿಗೆ ಸೊಂಟದ ಸ್ಪಾಸಮ್, ಅಂದರೆ ಸ್ನಾಯು ಸೆಳೆತ. ಸ್ನಾಯು ಸಡಿಲಿಸುವ ಟಿಜಾನಿಡಿನ್ ಮಾತ್ರೆ 2 ಎಂಜಿ ದಿನಕ್ಕೆ ಮೂರು ಸಲ, ನಾಲ್ಕು ದಿನದಿಂದ ನಡೀತಾ ಇತ್ತು, ಏನೂ ತೊಂದರೆ ಇರಲಿಲ್ಲ. ಅವತ್ತು ಯೂರಿನ್ ಇನ್ಫೆಕ್ಷನ್ ಅಂತ ಮಧ್ಯಾಹ್ನ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ 500 ಎಂಜಿ ಶುರುವಾಗಿತ್ತು.

ರಾತ್ರಿ ಒಂಬತ್ತಕ್ಕೆ ಎರಡನ್ನೂ ನಾನೇ ಕೊಟ್ಟೆ. ಸಿಸ್ಟಮ್‌ನಲ್ಲಿ ಕೆಂಪು ಪಾಪ್‌ಅಪ್ ಬಂತು. ಆ ಸಾಫ್ಟ್‌ವೇರ್‌ಗೆ ಪ್ಯಾರಾಸಿಟಮಾಲ್ ಕಂಡರೂ ಗಾಬರಿ, ಎಲ್ಲಕ್ಕೂ ಅದೇ ಕೆಂಪು. 'ಡಾಕ್ಟರ್ ಅವೇರ್', ಅಂದರೆ ಡಾಕ್ಟರಿಗೆ ಗೊತ್ತಿದೆ, ಅಂತ ಒತ್ತಿ ಮುಂದಿನ ಬೆಡ್‌ಗೆ ಹೋದೆ. ಓದಲೇ ಇಲ್ಲ.

ಅವರ ಹೆಂಡತಿ ಹೇಳಿದ್ದರು: "ಸಿಸ್ಟರ್, ಸಂಜೆಯಿಂದ ಬರೀ ನಿದ್ದೆ, ಮಾತಾಡಿಸಿದರೆ ಹೂಂ ಅಂದು ಮತ್ತೆ ಮಲಗ್ತಾರೆ." ನಾಲ್ಕು ದಿನದಿಂದ ನೋವಿಗೆ ನಿದ್ದೆ ಇಲ್ಲ ಅಂತ ಗೋಳಾಡಿದ ಮನುಷ್ಯ ಅಲ್ವಾ, ನನಗೆ ಖುಷಿಯೇ ಆಯಿತು. "ನೋವು ಕಮ್ಮಿಯಾಗಿದೆ, ಮಲಗಲಿ ಬಿಡಿ" ಅಂದೆ. ಹನ್ನೊಂದರ ಬಿಪಿಯನ್ನೂ ಬಿಟ್ಟೆ, ಸುಮ್ನೆ ಯಾಕೆ ಎಬ್ಬಿಸೋದು ಅಂತ.

ಹನ್ನೆರಡು ದಾಟಿತ್ತು. ಧಡ್ ಅಂತ ಸದ್ದು.

ಬಾತ್‌ರೂಮ್ ಬಾಗಿಲ ಹತ್ತಿರ ಬಿದ್ದಿದ್ದರು, ಹುಬ್ಬು ಸೀಳಿ ರಕ್ತ. ಕತ್ತು ಅಲುಗಿಸಬೇಡಿ ಅಂತ ಕೂಗಿ ಬಿಪಿ ಪಟ್ಟಿ ಕಟ್ಟಿದೆ. ಮಷಿನ್ ಎರರ್ ತೋರಿಸಿತು. ಮತ್ತೆ ಕಟ್ಟಿದೆ, ಮತ್ತೆ ಎರರ್. ಕೊನೆಗೆ ಕೈಯಲ್ಲಿ ನೋಡಿದರೆ 78/46, ಪಲ್ಸ್ 48, ಎರಡೂ ತೀರಾ ಕಮ್ಮಿ. ಶುಗರ್ ಸರಿ ಇತ್ತು. ನನ್ನ ತಲೆಯಲ್ಲಿ ಸ್ಟ್ರೋಕಾ, ಹಾರ್ಟಾ ಅಂತ ಓಡ್ತಾ ಇತ್ತೇ ಹೊರತು ನಾನೇ ಕೊಟ್ಟ ಮಾತ್ರೆ ನೆನಪಿಗೇ ಬರಲಿಲ್ಲ. ಡ್ಯೂಟಿ ಡಾಕ್ಟರ್ ಬಂದು ಕಾಲು ಎತ್ತಿಸಿ, ಸಲೈನ್ ಓಡಿಸಿ, "ಒಂಬತ್ತಕ್ಕೆ ಏನು ಕೊಟ್ಟಿರಿ?" ಅಂದರು. ಚಾರ್ಟ್ ತೆರೆದೆ. ಎರಡು ಹೆಸರೂ ಒಂದರ ಕೆಳಗೆ ಒಂದು, ಪಕ್ಕದಲ್ಲಿ ನನ್ನ ಸ್ಟಾಫ್ ನಂಬರ್.

ಟಿಜಾನಿಡಿನ್ ಕರಗಿಸುವ ಲಿವರ್ ಎನ್ಜೈಮನ್ನು ಸಿಪ್ರೊ ತಡೆಯುತ್ತದೆ. ರಕ್ತದಲ್ಲಿ ಟಿಜಾನಿಡಿನ್ ಮಟ್ಟ ಹತ್ತು ಪಟ್ಟು ಏರಬಹುದು, ಆಗ ಮಂಪರು ಬಂದು ಬಿಪಿ ಬೀಳುತ್ತದೆ. ಅಂದರೆ 2 ಎಂಜಿ ಕೊಟ್ಟೆ ಅಂದುಕೊಂಡು ನಾನು ಕೊಟ್ಟಿದ್ದು ಹೆಚ್ಚುಕಡಿಮೆ 20ರ ಲೆಕ್ಕ. ಈ ಎರಡನ್ನು ಒಟ್ಟಿಗೆ ಕೊಡಲೇಬಾರದು. ಬರೆದವರ ತಪ್ಪೂ ಇದೆ, ಫಾರ್ಮಸಿಯವರದ್ದೂ ಇದೆ, ಸರಿ. ಆದರೆ ನಿದ್ದೆ ಜಾಸ್ತಿಯಾಗಿದೆ ಅಂತ ಹೇಳಿಸಿಕೊಂಡವಳು ನಾನೊಬ್ಬಳೇ.

ತಲೆಯ ಸಿಟಿ ಸ್ಕ್ಯಾನ್ ಕ್ಲೀನ್ ಬಂತು. ಮೂರು ಹೊಲಿಗೆ. ಇನ್ಸಿಡೆಂಟ್ ರಿಪೋರ್ಟ್ ಬರೆಯಲು ಬೆಳಗ್ಗೆ ಎಂಟರ ತನಕ ಕೂತೆ.

ವಾರದಲ್ಲಿ ಸರ್ಕ್ಯುಲರ್ ಬಂತು: ಮಂಪರು ಕಂಡರೆ ಸ್ನಾಯು ಸಡಿಲಿಸುವ ಎಲ್ಲಾ ಮಾತ್ರೆ (ರಿಲಾಕ್ಸಂಟ್) ತಕ್ಷಣ ನಿಲ್ಲಿಸಿ. ಎಲ್ಲಾ ಅಂತೆ! ಬ್ಯಾಕ್ಲೊಫೆನ್ ಕೂಡ ಅದೇ ಥರದ್ದು, ಅದನ್ನು ತಿಂಗಳುಗಟ್ಟಲೆ ತಗೊಳ್ಳುವವರಿಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇದನ್ನು ಬರೆದವರು ವಾರ್ಡ್ ನೋಡಿದ್ದಾರೋ ಇಲ್ಲವೋ. ಜಗಳ ಮಾಡಿ 'ಡಾಕ್ಟರನ್ನು ಕರೆಯಿರಿ' ಅಂತ ಬದಲಾಯಿಸಿದೆವು. ಪಾಪ್‌ಅಪ್ ಮಾತ್ರ ಇವತ್ತಿಗೂ ಎಲ್ಲಕ್ಕೂ ಕೆಂಪು.

ನಾನೀಗ ಟಿಜಾನಿಡಿನ್ ಕೊಡುವ ಮುಂಚೆ ಎಬ್ಬಿಸಿ ಮಾತಾಡಿಸುತ್ತೇನೆ, ಬಿಪಿ ನೋಡುತ್ತೇನೆ, ಇವತ್ತು ಹೊಸದಾಗಿ ಏನು ಸೇರಿದೆ ಅಂತ ಕೇಳುತ್ತೇನೆ. ಏಳುವಾಗ ಮಂಚದ ಅಂಚಲ್ಲಿ ಎರಡು ನಿಮಿಷ ಕೂತು, ಬೆಲ್ ಒತ್ತಿ, ಆಮೇಲೆ ಕಾಲಿಡಿ ಅಂತ ಬೈದೇ ಹೇಳುತ್ತೇನೆ.

ಡಿಸ್ಚಾರ್ಜ್ ಹಿಂದಿನ ರಾತ್ರಿ ಆ ಆರನೇ ಬೆಡ್‌ನವರನ್ನು ಮೂರು ಸಲ ಎಬ್ಬಿಸಿದೆ. ಮೂರನೇ ಸಲ ಹೊಲಿಗೆ ಹಾಕಿದ ಹುಬ್ಬೆತ್ತಿ ಕೇಳಿದರು: "ಸಿಸ್ಟರ್, ಮನೆಗೆ ಹೋದ ಮೇಲಾದ್ರೂ ಮಲಗಬಹುದಾ?"