ಒಲೆ ಮುಂದಿನ ಬಿಳಿ ಸುತ್ತುಗಳು

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಣ್ಣನ ಮನೆಗೆ ಹೋಗಿದ್ದಾಗಿನ ಮಾತು. "ನಿನಗೆ ಹಳೇ ಮನೆಗಳಂದ್ರೆ ಇಷ್ಟ ಅಲ್ವಾ, ಬಾ" ಅಂತ ಒಂದು ಭಾನುವಾರ ಅಣ್ಣ ವೂಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್ ಹಳ್ಳಿಗೆ ಕರೆದುಕೊಂಡು ಹೋದ. ಅಲ್ಲಿ 'ಫ್ಲೀಸ್ ಇನ್' ಅನ್ನೋ ಪಬ್ ಇದೆ.

ಹೊರಗಡೆಯಿಂದಲೇ ಕಣ್ಣು ಕೀಳಲಾಗಲಿಲ್ಲ. ಕಪ್ಪು ಮರದ ಚೌಕಟ್ಟು, ನಡುನಡುವೆ ಬಿಳಿ ಗೋಡೆ. ಇಂಥ ಕಟ್ಟಡಗಳಲ್ಲಿ ಭಾರ ಹೊರುವುದು ಓಕ್ ಮರ. ನಡುವಿನ ಗೋಡೆ ನಮ್ಮ ತಡಿಕೆ ಗೋಡೆಯ ಹಾಗೇ: ಕಡ್ಡಿ ಹೆಣೆದು, ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ್ದು. ಮರವನ್ನು ಹಸಿಯಾಗಿರುವಾಗಲೇ ಕೊಯ್ದು ಜೋಡಿಸುತ್ತಿದ್ದರು. ಒಣಗುತ್ತಾ ಅದು ಸೊಟ್ಟಗಾಗುತ್ತದೆ, ಮನೆಯೂ ಅದರ ಜೊತೆ ವಾಲುತ್ತದೆ. ಆದರೂ ಬಿಗಿ ಬಿಡುವುದಿಲ್ಲ.

ಇದು ಪಬ್ ಆದದ್ದು 1848ರಲ್ಲಿ. ಅದಕ್ಕೂ ಮುಂಚೆ ನೂರಾರು ವರ್ಷ ರೈತರ ಮನೆ. ಒಂದೇ ಸೂರಿನ ಕೆಳಗೆ ಈ ಕಡೆ ಜನ, ಆ ಕಡೆ ದನ. ಅದನ್ನು ಕೇಳಿದ್ದೇ ಅಜ್ಜನ ಮನೆಯ ಪಡಸಾಲೆ, ಪಕ್ಕದ ಕೊಟ್ಟಿಗೆ, ರಾತ್ರಿ ಕೇಳುತ್ತಿದ್ದ ಗಂಟೆ ಸದ್ದು ಎಲ್ಲಾ ನೆನಪಾಯಿತು.

ಒಳಗೆ ತಲೆ ತಗ್ಗಿಸಿಯೇ ನಡೆಯಬೇಕು. ದೊಡ್ಡ ಹಾಲ್ ಅಂತ ಇಲ್ಲ, ಚಿಕ್ಕ ಚಿಕ್ಕ ಕೋಣೆಗಳು. ಅಗಲವಾದ ಕಲ್ಲಿನ ಒಲೆ. ಅದರ ಮುಂದೆ ನೆಲದ ಮೇಲೆ ಬಿಳಿ ಸುತ್ತುಗಳು. ಚಿಮಣಿಯಿಂದ ಮಾಟಗಾತಿ ಇಳಿದು ಬರಬಾರದು ಅಂತ ಬರೆಯುತ್ತಿದ್ದರಂತೆ. ಅತ್ತಿಗೆ ತಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡರು, ರಂಗೋಲಿ ತುಳಿದುಬಿಟ್ಟೆನೇನೋ ಅನ್ನೋ ಹಾಗೆ. ಆಮೇಲೆ ನಾವೆಲ್ಲಾ ಅದನ್ನು ಸುತ್ತಿಕೊಂಡೇ ಓಡಾಡಿದೆವು.

ಈ ಮನೆಯ ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡರು. ತಲೆಮಾರುಗಳಿಂದ ತಮ್ಮದೇ ಕುಟುಂಬದಲ್ಲಿದ್ದ ಮನೆಯನ್ನು, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಬರೆದುಕೊಟ್ಟಿದ್ದರು. ಪಬ್ ಆಗಿಯೇ ನಡೆಯಬೇಕು, ಆದರೆ ಚಿಪ್ಸ್ ಪ್ಯಾಕೆಟ್ ಮಾತ್ರ ಮಾರಬಾರದು ಅಂದಿದ್ದರಂತೆ! ಆ ಹಟ ನನಗೆ ತುಂಬಾ ಹಿಡಿಸಿತು. ಮನೆಯನ್ನು ಅಷ್ಟು ಪ್ರೀತಿಸಿದವರಿಗೆ ಅದನ್ನು ಕೇಳುವ ಹಕ್ಕಿದೆ.

2004ರಲ್ಲಿ ಹುಲ್ಲಿನ ಚಾವಣಿಗೆ ಬೆಂಕಿ ಬಿತ್ತು. ಹಳೇ ಪ್ಯೂಟರ್ (ತವರದ ಮಿಶ್ರಲೋಹ) ತಟ್ಟೆಗಳನ್ನೂ ಪೀಠೋಪಕರಣಗಳನ್ನೂ ಹೊರಗೆ ಸಾಗಿಸಿ ಉಳಿಸಿಕೊಂಡರು. ಆಮೇಲೆ ಚಾವಣಿಯನ್ನು ಮತ್ತೆ ಕಟ್ಟಿದರು. ಆ ತಟ್ಟೆಗಳು ಈಗಲೂ ಸಾಲಾಗಿ ನಿಂತಿವೆ.

ಹೊರಡುವ ಮುಂಚೆ ಬಾಗಿಲ ಹತ್ತಿರದ ಕಂಬವನ್ನೊಮ್ಮೆ ಸವರಿದೆ. ಕೈ ತಾಗಿ ತಾಗಿ ನುಣುಪಾದ ಮರ. ಬೆರಳಿಗೆ ಒಂದು ಸಣ್ಣ ಉಬ್ಬು ಸಿಕ್ಕಿತು. ಬಗ್ಗಿ ನೋಡಿದರೆ ಕಬ್ಬಿಣದ್ದಲ್ಲ, ಮರದ ಮೊಳೆ.