ಆ ಮಂಗಳವಾರದ ಲೆಮ್ಯೂ

ಮಾರಿಯೋ ಲೆಮ್ಯೂ ಕಥೆ ಓದುವಾಗಲೆಲ್ಲ 1993ರ ಮಾರ್ಚ್ 2ರ ಹತ್ತಿರ ಬಂದು ನಿಂತುಬಿಡುತ್ತೇನೆ. ಮಾಂಟ್ರಿಯಲ್‌ನ ಹುಡುಗ, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಐಸ್ ಹಾಕಿ ನಾಯಕ. ಅಷ್ಟರಲ್ಲಾಗಲೇ ಎರಡು ಸಲ ಸ್ಟ್ಯಾನ್ಲಿ ಕಪ್, ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್ ಟ್ರೋಫಿ, ಗೆದ್ದಿದ್ದ. ಬೆನ್ನುನೋವು ಎಷ್ಟಿತ್ತೆಂದರೆ ಕೆಲವು ದಿನ ಸ್ಕೇಟ್ಸ್‌ನ ಲೇಸನ್ನೂ ಬೇರೆಯವರೇ ಕಟ್ಟಬೇಕಿತ್ತು. ಅದರ ಮೇಲೆ ಆ ಜನವರಿಯಲ್ಲಿ ಕ್ಯಾನ್ಸರ್, ಹಾಡ್ಜ್‌ಕಿನ್ ಲಿಂಫೋಮಾ. ವಯಸ್ಸು ಬರೀ 27.

ಮಾರ್ಚ್ 2ರ ಬೆಳಗ್ಗೆ ಕೊನೆಯ ರೇಡಿಯೇಶನ್ ಮುಗಿಸಿಕೊಂಡು ವಿಮಾನ ಹತ್ತಿದ. ಸಂಜೆ ಫಿಲಡೆಲ್ಫಿಯಾದಲ್ಲಿ ಮಂಜಿಗಿಳಿದು ಒಂದು ಗೋಲು ಹೊಡೆದ, ಇನ್ನೊಂದಕ್ಕೆ ನೆರವಾದ. ತಂಡ ಸೋತಿತು. ಆದರೆ ಪೆಂಗ್ವಿನ್ಸ್ ಅಂದರೆ ಉರಿದುಬೀಳುವ ಆ ಊರಿನ ಜನ ಅವತ್ತು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಲ್ಲಿಗೆ ಬಂದರೆ ನನಗೆ ಕಣ್ಣು ತುಂಬುತ್ತದೆ, ಪ್ರತಿ ಸಲವೂ.

ಆ ಸೀಸನ್ನಿನಲ್ಲಿ ಆಡಿದ್ದು 60 ಪಂದ್ಯ, ಗಳಿಸಿದ್ದು 160 ಪಾಯಿಂಟ್ (ಹೊಡೆದ ಗೋಲಿಗೊಂದು, ನೆರವಾದ ಗೋಲಿಗೊಂದು). ಲೀಗಿಗೇ ಮೊದಲಿಗ!

ಮುಂದೆ ಕ್ಲಬ್ ದಿವಾಳಿಯಾದಾಗ, ತನಗೆ ಬರಬೇಕಿದ್ದ ಸಂಬಳದ ಬಾಕಿಯನ್ನೇ ಕ್ಲಬ್ಬಿನ ಷೇರಾಗಿ ಬದಲಿಸಿಕೊಂಡು 1999ರಲ್ಲಿ ಅದರ ಒಡೆಯನಾದ. ನಿವೃತ್ತಿಯಾಗಿದ್ದವನು 2000ದ ಡಿಸೆಂಬರ್‌ನಲ್ಲಿ ಮತ್ತೆ ಸ್ಟಿಕ್ ಹಿಡಿದ. ತನ್ನದೇ ತಂಡಕ್ಕೆ ಆಟಗಾರನಾಗಿ. ದಿವಾಳಿಯಾಗಿ ಊರು ಬಿಡಬಹುದಾಗಿದ್ದ ಪೆಂಗ್ವಿನ್ಸ್ ಇವತ್ತಿಗೂ ಪಿಟ್ಸ್‌ಬರ್ಗ್‌ನಲ್ಲೇ ಇದೆ.