ಕಾಂಗ್ರೆಸ್ ಬಾವಿಗೆ ಅವ್ವನ ಜೊತೆ

ಸವದತ್ತಿಯಿಂದ ಬೆಳಗಾವಿಗೆ ಹೊರಟಾಗಲೇ ಅವ್ವ ಹೇಳಿಬಿಟ್ಟಿದ್ದಳು: "ಕೋಟಿ, ಕಮಲ ಬಸದಿ ಹಿಂದಾಗಡೆ ನೋಡೂಣು. ಮೊದಲ ಬಾವಿ." ಮೂವತ್ತು ವರ್ಷ ಹಳ್ಳಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಅಕ್ಕೋರಾಗಿದ್ದವಳ ಮಾತು. ನಾನು ಎದುರಾಡಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಟಿಳಕವಾಡಿಗೆ ಬಂದೆವು. ಕಾಂಗ್ರೆಸ್ ಅಧಿವೇಶನದ ನೆನಪಿಗೆ ಕಟ್ಟಿದ ವೀರಸೌಧದ ಹತ್ತಿರವೇ ಆ ಬಾವಿ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆಯಿತು. ಬಂದ ಜನಕ್ಕೆ ನೀರು ಬೇಕೆಂದು ತೋಡಿದ ಈ ಬಾವಿಗೆ ಆಗ ಪಂಪಾ ಸರೋವರ ಅಂತ ಹೆಸರಿಟ್ಟಿದ್ದರು. ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಹಾಡಿದ್ದೂ ಆ ಅಧಿವೇಶನದಲ್ಲೇ.

ಅವ್ವ ಹುಡುಕಿಕೊಂಡು ಬಂದದ್ದು ಮಾತ್ರ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರನ್ನು. ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತವರಿನ ಹೆಸರು ಭವಾನಿ. ಮದುವೆಯಾದ ಮೇಲೆ ಓದು ಮುಂದುವರಿಸಿ ಮೆಟ್ರಿಕ್ ಪಾಸಾದರು. ಬೆನ್ನಿಗೆ ನಿಂತವರು ಮಾವ ಆನಂದರಾಯರು. 1923ರಲ್ಲಿ ಗಂಡ ಸಂಜೀವರಾಯರು ತೀರಿಕೊಂಡರು. ಅದೇ ಮಾವ ಸೊಸೆಯನ್ನು ಹುಬ್ಬಳ್ಳಿಗೆ ಕರೆತಂದರು. ಅಲ್ಲಿ ಉಮಾಬಾಯಿ ತಿಲಕ ಕನ್ಯಾ ಶಾಲೆಯ ಹೊಣೆ ಹೊತ್ತರು, ಭಗಿನಿ ಮಂಡಲ ಎಂಬ ಹೆಣ್ಣುಮಕ್ಕಳ ಸಂಘ ಕಟ್ಟಿದರು. ಗಂಡ ಸತ್ತವಳು ಹೊಸ್ತಿಲು ದಾಟಿದರೆ ಅಪಶಕುನ ಅನ್ನುತ್ತಿದ್ದ ಕಾಲವದು. ಮರುವರ್ಷವೇ ಅವರು ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಈ ಅಧಿವೇಶನಕ್ಕೆ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು.

ಅವ್ವ ಬಾವಿಯ ಹತ್ತಿರ ಬಹಳ ಹೊತ್ತು ನಿಂತಳು.

"ನೂರೈವತ್ತು ಮಂದಿ ಅಂದ್ರ ಏನ್ ತಿಳದಿ? ನಾ ನಲವತ್ತು ಹುಡುಗ್ಯಾರನ್ನ ಬದಾಮಿ ಟ್ರಿಪ್ಪಿಗೆ ಕರಕೊಂಡು ಹೋಗಾಕ ಎಷ್ಟು ಮನಿ ಹೊಸ್ತಲಾ ಸವದೀನಿ. ಒಬ್ಬರ ಅಪ್ಪ ಹೂಂ ಅಂದ್ರ ಅಜ್ಜಿ ಒಲ್ಲೆ ಅಂತಿದ್ಲು. ಅದೂ ಒಂದು ದಿನದ್ದು, ಸಂಜಿಗೆ ತಿರುಗಿ ಬರೂದು."

ಭಾಷಣ ಮಾಡಿದವರ ಹೆಸರು ನಮಗೆಲ್ಲ ಗೊತ್ತು. ಮನೆಮನೆಗೆ ಹೋಗಿ, ಅತ್ತೆಯರ ಮಾತು ಕೇಳಿಸಿಕೊಂಡು, "ನಿಮ್ಮ ಮಗಳು ನನ್ನ ಜವಾಬ್ದಾರಿ" ಅಂದವರ ಕೆಲಸವನ್ನು ನಾವು ಕೆಲಸವೆಂದೇ ಎಣಿಸಿಲ್ಲ. ನನ್ನ ಕಣ್ಣಿಗೆ ಸಾಲಿ ಕಟ್ಟುವುದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ವೀರಸೌಧದೊಳಗೆ ಅಧಿವೇಶನದ ಫೋಟೋಗಳಿವೆ. ಅವ್ವ ಒಂದೊಂದರ ಮುಂದೆಯೂ ಕನ್ನಡಕ ಒರೆಸಿಕೊಂಡು ಹೆಣ್ಣುಮಕ್ಕಳ ಮುಖ ಹುಡುಕಿದಳು. 1932ರಲ್ಲಿ ಉಮಾಬಾಯಿಯವರನ್ನು ಯರವಡಾ ಜೈಲಿಗೆ ಹಾಕಿದ್ದನ್ನು ನಾನು ಹೇಳಿದೆ. ನಾಲ್ಕು ತಿಂಗಳ ಮೇಲೆ ಹೊರಬಂದಾಗ ಮಾವ ಇರಲಿಲ್ಲ. ಶಾಲೆಗೆ ಸರಕಾರ ಬೀಗ ಹಾಕಿತ್ತು, ಭಗಿನಿ ಮಂಡಲ ಕಾನೂನುಬಾಹಿರವಾಗಿತ್ತು. 1934ರಲ್ಲಿ ಬಿಹಾರ ಭೂಕಂಪವಾದಾಗ ಅದೇ ಹೆಣ್ಣುಮಗಳು ಪರಿಹಾರದ ಕೆಲಸಕ್ಕೆ ನಿಂತರು.

"ಸಾಲಿಗೆ ಕೀಲಿ ಹಾಕಿದ್ರಾ?" ಅವ್ವ ಅದೊಂದನ್ನೇ ಎರಡು ಸಲ ಕೇಳಿದಳು.

ಕೋಟೆ ನೋಡಲು ಹೊತ್ತು ಉಳಿಯಲಿಲ್ಲ. ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡು ಸಂಜೆಯ ಬಸ್ ಹತ್ತಿದೆವು. ಬೈಲಹೊಂಗಲ ಬರುವತನಕ ಅವ್ವ ಆ ಬದಾಮಿ ಟ್ರಿಪ್ಪಿಗೆ ಬಂದ ಹುಡುಗಿಯರ ಹೆಸರು ಒಂದೊಂದಾಗಿ ನೆನಪು ಮಾಡಿಕೊಂಡಳು. ಆಮೇಲೆ, ಮನೆಯವರು ಕಳಿಸದ ಇಬ್ಬರ ಹೆಸರು.